ಮೊಸರನ್ನದ ಪುಟ

ಕ್ಯಾಮರಾ ಹಿಡಿದವರಿಗೆಲ್ಲ ಒಂದು ಸೊಕ್ಕಿರುತ್ತದೆ, ನಾನು ತೋರಿಸಿದ್ದನ್ನೇ ಜನ ನೋಡುತ್ತಾರೆ ಅಂತ. ನನಗೂ ಇತ್ತು. ಮಕ್ಕಳ ಪಾಠದ ಪುಸ್ತಕಗಳಿಗೆ ಚಿತ್ರ ಮಾಡುವ ಕೆಲಸಕ್ಕೆ ಬಂದ ಮೇಲೆ ಅದು ಸರಸರ ಇಳಿಯಿತು. ಹೊಸಪೇಟೆಯ ಒಂದು ಸಣ್ಣ ಪ್ರಕಾಶನಕ್ಕೆ ಚಿತ್ರ ಬರೆದುಕೊಡುತ್ತೇನೆ, ಬೇಕಾದಾಗ ಫೋಟೋ ತೆಗೆಯುತ್ತೇನೆ. ಈ ಕೆಲಸದಲ್ಲಿ ಚಿತ್ರ ಚಂದ ಇದ್ದರೆ ಯಾರಿಗೂ ಏನೂ ಅಲ್ಲ. ಮಗುವಿಗೆ ತಿಳಿಯಿತೋ ಇಲ್ಲವೋ, ಅಷ್ಟೇ ಲೆಕ್ಕ.

ಹೋದ ವರ್ಷ ನಮ್ಮ ಸಂಪಾದಕರು ಒಂದು ಹೊಸ ಪುಸ್ತಕ ಕೊಟ್ಟರು. ಮಾತು ಬಾರದ ಮಕ್ಕಳಿಗಾಗಿ ಚಿತ್ರಗಳದೇ ಪುಸ್ತಕ. ಒಂದೊಂದು ಪುಟದಲ್ಲಿ ಆರು ಚಿತ್ರ. ಮಗು ತನಗೆ ಬೇಕಾದದ್ದರ ಮೇಲೆ ಬೆರಳಿಟ್ಟರೆ ಎದುರಿಗಿದ್ದವರಿಗೆ ತಿಳಿಯಬೇಕು: ನೀರು, ಊಟ, ನಿದ್ದೆ, ಸಂಡಾಸು, ನೋವು, ದೇವರು, ಬಸ್ಸು. ಇದೇನು ಮಹಾ ಕೆಲಸ ಅಂದುಕೊಂಡೆ. ಸಂಪಾದಕರು ಕನ್ನಡಕ ಹಣೆಗೇರಿಸಿಕೊಂಡು ನನ್ನನ್ನು ನೋಡಿದರು.

"ಒಂದು ಚಿತ್ರಕ್ಕ ಒಂದೇ ಮಾತು ಇರಬೇಕ್ರಿ ಮೇಡಂ. ಎರಡನೇ ಮಾತು ಕಾಣಿಸ್ತು ಅಂದ್ರ ಆ ಚಿತ್ರ ಕೆಟ್ಟೋತು ಅಂತ ತಿಳ್ಕೋರಿ."

ಸರಿ, ನೀರಿಗೆಂದು ಹಂಪಿಗೆ ಹೋದೆ. ಬೆಳಗಿನ ಬಿಸಿಲಿನಲ್ಲಿ ಹೊಳೆಯ ಫೋಟೋ ತೆಗೆದೆ. ಅಹಾ, ಏನು ಫೋಟೋ ಅದು! ಯಾವ ಚಿತ್ರವನ್ನೇ ಆಗಲಿ ಮೊದಲು ಮಾತು ಬರುವ ಸಣ್ಣ ಮಕ್ಕಳಿಗೆ ತೋರಿಸಿ, ಇದೇನು ಅಂತ ಕೇಳಿ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಕಂಪ್ಲಿಯ ಶಾಲೆಯಲ್ಲಿ ತೋರಿಸಿದರೆ ಒಬ್ಬ ಹರಿಗೋಲು ಅಂದ, ಇನ್ನೊಬ್ಬ ಎಮ್ಮಿ ಅಂದ. ಎಮ್ಮೆ ಎಲ್ಲಿದೆ ಅಂತ ನಾನೇ ಹುಡುಕಿದೆ. ಮೂಲೆಯಲ್ಲಿ, ಕಲ್ಲಿನ ಸಂದಿಯಲ್ಲಿ, ನಿಜವಾಗಿಯೂ ಒಂದು ಎಮ್ಮೆ ಇತ್ತು. ನೀರು ಅಂತ ಒಬ್ಬರೂ ಅನ್ನಲಿಲ್ಲ. ಕೊನೆಗೆ ಮನೆಯ ಸ್ಟೀಲ್ ಲೋಟವನ್ನು ನೀಲಿ ಬಟ್ಟೆಯ ಮೇಲಿಟ್ಟು, ಮೇಲಿನಿಂದ ನೀರು ಸುರಿಯುತ್ತಾ ತೆಗೆದ ಫೋಟೋ ಪಾಸಾಯಿತು.

ಬಸ್ಸಿನ ಕತೆ ಇನ್ನೂ ಮಜ. ತೋರಣಗಲ್ಲಿನ ಕಾರ್ಖಾನೆಯ ಬಸ್ಸನ್ನು ನುಣ್ಣಗೆ ತೊಳೆದು ನಿಲ್ಲಿಸಿದ್ದರು, ಸಿಕ್ಕಿತಲ್ಲ ಅಂತ ತೆಗೆದೆ. ಸಂಡೂರು ಕಡೆಯ ವಡ್ಡು ಊರಿನಲ್ಲಿ ಒಂದು ಪುಟ್ಟ ಹುಡುಗಿಗೆ ತೋರಿಸಿದರೆ ಅವಳು "ಅಪ್ಪ" ಅಂದಳು. ಶಿಫ್ಟು ಮುಗಿಸಿ ಅವಳಪ್ಪ ಇಳಿಯುವುದು ಅದೇ ಬಸ್ಸಿನಿಂದ. ಚಿತ್ರ ಕೆಟ್ಟಿತು ಅಂತ ಬೈದುಕೊಳ್ಳಲೂ ಮನಸ್ಸು ಬರಲಿಲ್ಲ ನನಗೆ.

ಎಲ್ಲಕ್ಕಿಂತ ಕಾಡಿದ್ದು ಊಟದ ಚಿತ್ರ. ಬಾಳೆಲೆಯ ಮೇಲೆ ಬಡಿಸಿ ತೆಗೆದರೆ ಮಕ್ಕಳು "ಮದಿವಿ" ಅಂದರು. ಅನ್ನ ಸಾರು ಬೇಡ, ಮೊಸರನ್ನ ಇಡೋಣ ಅಂದೆ. ನಮ್ಮ ಮನೆಯಲ್ಲಿ ಊಟವೆಂದರೆ ಅದೇ. ಅಮ್ಮನಿಗಂತೂ ಕಡೆಯಲ್ಲಿ ಮೊಸರನ್ನ ಬೀಳದಿದ್ದರೆ ಎಷ್ಟು ಉಂಡರೂ ಉಂಡ ಹಾಗಲ್ಲ. ನಾನು ಅಮ್ಮ ಇಬ್ಬರೇ ಇರುವ ಮನೆ. ಅಣ್ಣ ತೋರಣಗಲ್ಲಿನಲ್ಲಿ ಕೆಲಸ, ಸಂಸಾರವೂ ಅಲ್ಲೇ. ಅಮ್ಮ ಮೊಸರನ್ನ ಕಲಸಿದಳು, ಆದರೆ ನೈವೇದ್ಯ ಆಗುವ ತನಕ ನನ್ನನ್ನು ಅಡುಗೆಮನೆಯ ಹೊಸಿಲಲ್ಲೇ ನಿಲ್ಲಿಸಿದಳು.

"ದೇವರಿಗೆ ತೋರಿಸೋದಕ್ಕಿಂತ ಮೊದ್ಲು ನಿನ್ನ ಡಬ್ಬಿಗೆ ತೋರಿಸ್ತೀಯೇನ? ನಿಂದ್ರು ಅಲ್ಲೇ."

ಆಮೇಲೆ ತೆಗೆದ ಫೋಟೋದಲ್ಲಿ ಸ್ಟೀಲ್ ತಟ್ಟೆ ಹೊಳೆದು ನನ್ನ ಮುಖವೇ ಮೂಡಿಬಿಟ್ಟಿತ್ತು. ಅಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮೊಸರನ್ನದ ಜೋಡಿ ನಿನ್ನ ಮಾರಿನೂ ನಂಜಿಕೋಬೇಕೇನ ಹುಡುಗ್ರು?" ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ ಅಂತ ಒಂದು ಮಾವಿನ ಉಪ್ಪಿನಕಾಯಿ ಹೋಳು ಪಕ್ಕಕ್ಕಿಟ್ಟದ್ದೂ ಅವಳೇ. ಆ ಚಿತ್ರ ನೋಡಿದ ಮಕ್ಕಳು ನಾನು ಕೇಳುವ ಮೊದಲೇ ಮೊಸರನ್ನ ಅಂದರು. ಒಬ್ಬನಂತೂ ಬಾಯಿ ಚಪ್ಪರಿಸಿದ. ಆ ದಿನ ಕಂಪ್ಲಿಯಿಂದ ಬರುವಾಗ ಬುಕ್ಕಸಾಗರದ ಗದ್ದೆಗಳನ್ನು ದಾಟುವ ತನಕ ಬಸ್ಸಿನಲ್ಲಿ ನಾನೊಬ್ಬಳೇ ಹಲ್ಲುಬಿಟ್ಟುಕೊಂಡು ಕೂತಿದ್ದೆ.

ಪುಸ್ತಕ ಅರ್ಧ ಆಗಿತ್ತು. ಒಂದು ಬೆಳಿಗ್ಗೆ ಹಾಲು ಕಾಯಿಸಲು ಎದ್ದ ಅಮ್ಮ ಅಡುಗೆಮನೆಯಲ್ಲಿ ಬಿದ್ದಳು. ಹಾಲು ಉಕ್ಕಿ ಒಲೆ ಆರಿ ಗ್ಯಾಸಿನ ವಾಸನೆ ಬಂದಾಗಲೇ ನನಗೆ ಗೊತ್ತಾದದ್ದು. ಅಮ್ಮನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಅಣ್ಣ ಶಿಫ್ಟು ಬಿಟ್ಟು ಓಡಿಬಂದ, ಬಳ್ಳಾರಿಗೆ ಒಯ್ದೆವು. ಜೀವ ಉಳಿಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ದಿನವೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದ ನಮ್ಮಮ್ಮನ ಬಾಯಿಂದ ಬಾ, ಬಾ ಅನ್ನುವ ಒಂದು ಸದ್ದು ಬಿಟ್ಟು ಇನ್ನೇನೂ ಬರಲಿಲ್ಲ. ನುಂಗುವುದಕ್ಕೆ ಬಾರದು ಅಂತ ಮೂಗಿನೊಳಗೆ ನಳಿಗೆ ಹಾಕಿ ಮನೆಗೆ ಕಳಿಸಿದರು. ಗಂಜಿ, ಹಾಲು, ಮಾತ್ರೆಯ ಪುಡಿ ಎಲ್ಲ ಆ ನಳಿಗೆಯಲ್ಲೇ. ಅಮ್ಮನ ನಾಲಿಗೆಗೆ ಒಂದು ಹನಿಯೂ ತಾಗುತ್ತಿರಲಿಲ್ಲ.

ಮಾತು ಮತ್ತು ನುಂಗುವುದನ್ನು ಮತ್ತೆ ಕಲಿಸುವ ಒಬ್ಬ ತರಬೇತಿಯ ಹುಡುಗಿ ಮನೆಗೆ ಬರತೊಡಗಿದಳು. ಕಂಪ್ಲಿಯವಳು, ಚುರುಕು, ಸುಮ್ಮನೆ ಸಮಾಧಾನದ ಮಾತಾಡುವವಳಲ್ಲ. ಮೊದಲ ದಿನವೇ ನನಗೂ ಅಣ್ಣನಿಗೂ ಬಿಡಿಸಿ ಹೇಳಿದಳು.

"ಬಾಯಿಲೆ ಉಣ್ಣಿಸಬೇಕು ಅಂದ್ರ ಮೊದ್ಲು ನಮ್ಮ ಮಾತು ಅವ್ರಿಗೆ ತಿಳೀಬೇಕ್ರಿ. ನುಂಗ್ರಿ, ಕೆಮ್ಮರಿ ಅಂದ್ರ ಅರ್ಥ ಆಗಬೇಕು. ಊಟ ಅಂದ್ರ ಏನು ಅಂತ ಗುರುತು ಇರಬೇಕು. ಅದಿಲ್ದ ಒಂದು ಚಮಚಾ ಹಾಕಿದ್ರೂ ಸೀದಾ ಲಂಗ್ಸಿಗೆ ಹೋಗ್ತೈತಿ."

"ಅವ್ರಿಗೆ ಎಲ್ಲಾ ತಿಳೀತದ್ರಿ. ತಲಿ ಆಡಿಸ್ತಾರಲ್ಲ" ಅಂದೆ.

"ಎಲ್ಲಾದಕ್ಕೂ ಆಡಿಸ್ತಾರ್ರಿ. ನಿಮ್ಮ ಹೆಸರು ತಪ್ಪು ಹೇಳಿ ಕೇಳ್ದೆ, ಅದಕ್ಕೂ ಆಡಿಸಿದ್ರು. ಚಿತ್ರ ತೋರಿಸಿ ನೋಡೋಣ. ಊಟದ ಚಿತ್ರ ಮುಟ್ಟಿ ತೋರಿಸಿದ್ರಂದ್ರ ನಾನು ಮುಂದಿನ ಹೆಜ್ಜಿ ಇಡ್ತೀನಿ. ಜಲ್ದಿ ಆದಷ್ಟು ಚಲೋ, ಗಂಟಲ ಸುಮ್ನಿದ್ದಷ್ಟೂ ಸೋಲ್ತೈತಿ."

ಚಿತ್ರ! ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಊರೆಲ್ಲ ತಿರುಗಿ, ಮಕ್ಕಳ ಮುಂದೆ ಪರೀಕ್ಷೆಗಿಟ್ಟು, ಎರಡನೇ ಮಾತು ಹುಟ್ಟದಂತೆ ಮಾಡಿದ ಚಿತ್ರಗಳು ನನ್ನ ಕೋಣೆಯಲ್ಲೇ ಇದ್ದವಲ್ಲ. ಓಡಿಹೋಗಿ ಮುದ್ರಿಸಿ, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದೆ. ಅಮ್ಮನನ್ನು ದಿಂಬಿಗೆ ಒರಗಿಸಿ ಮೊದಲ ಪುಟವನ್ನು ತೊಡೆಯ ಮೇಲಿಟ್ಟೆ. ಮೊಸರನ್ನ, ನೀರು, ದೇವರು, ನಿದ್ದೆ, ನೋವು, ಸಂಡಾಸು.

"ಅಮ್ಮಾ, ನಿನಗ ಏನು ಬೇಕು, ತೋರಿಸು."

ಅಮ್ಮ ಪುಟವನ್ನು ಬಹಳ ಹೊತ್ತು ನೋಡಿದಳು. ಎಡಗೈ ಎತ್ತಿದಳು. ಅದು ಮೊಸರನ್ನದ ಹತ್ತಿರ ಬಂತು, ನಿಂತಿತು, ಹಿಂದಕ್ಕೆ ಹೋಯಿತು. ಆಮೇಲೆ ಸಂಡಾಸಿನ ಮೇಲೆ ಇಳಿಯಿತು. ಗಡಿಬಿಡಿಯಲ್ಲಿ ಬೆಡ್‌ಪ್ಯಾನ್ ಇಟ್ಟೆವು. ಏನೂ ಆಗಲಿಲ್ಲ. ಮತ್ತೆ ಕೇಳಿದೆ, ಮತ್ತೆ ಸಂಡಾಸು. ಮತ್ತೆ ಬೆಡ್‌ಪ್ಯಾನ್, ಮತ್ತೆ ಏನೂ ಇಲ್ಲ. ಅಮ್ಮನ ಕಣ್ಣು ಕೆಂಪಾಯಿತು.

ಅದೇ ನಮ್ಮ ದಿನಚರಿಯಾಯಿತು. ಹಸಿವಾಯಿತೇನಮ್ಮಾ? ಸಂಡಾಸು. ನೀರು ಬೇಕೇನು? ಸಂಡಾಸು. ದೇವರ ಹತ್ತಿರ ಕೂರಿಸಲೇನು? ಕೈ ಎದೆಯ ಮೇಲೆಯೇ ಉಳಿಯುತ್ತಿತ್ತು. ಇನ್ನೊಂದು ಪುಟದಲ್ಲಿ ಚಪ್ಪಲಿಯ ಚಿತ್ರ ಇತ್ತು, ಹೊರಗೆ ಹೋಗಬೇಕು ಅಂತ ಹೇಳಲಿಕ್ಕೆ. ಅದನ್ನೂ ಒಮ್ಮೊಮ್ಮೆ ಮುಟ್ಟುತ್ತಿದ್ದಳು. ಚಪ್ಪಲಿ, ಸಂಡಾಸು, ಸಂಡಾಸು, ಚಪ್ಪಲಿ. ಬೆಡ್‌ಪ್ಯಾನ್ ತಂದಾಗಲೆಲ್ಲ ಅಮ್ಮ ಎಡಗೈಯಿಂದ ಅದನ್ನು ತಳ್ಳುತ್ತಿದ್ದಳು, ಬಾ ಬಾ ಅಂತ ಕಿರುಚುತ್ತಿದ್ದಳು. ಒಮ್ಮೆ ನಾನೂ ಕಿರುಚಿಬಿಟ್ಟೆ. "ಒಂದು ಬೆರಳು ಇಡಮ್ಮಾ, ಆ ಮೊಸರನ್ನದ ಮ್ಯಾಲೆ ಒಂದೇ ಒಂದು ಬೆರಳು ಇಡು! ಅಷ್ಟು ಮಾಡಾಕ ಆಗಂಗಿಲ್ಲೇನ ನಿನಗ?" ಅಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಅಂಗಳಕ್ಕೆ ಹೋಗಿ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅತ್ತೆ.

ಚಿತ್ರದ್ದೇ ತಪ್ಪಿರಬೇಕು ಅಂತ ಹಟ ಹಿಡಿದೆ. ಫೋಟೋ ಬಿಟ್ಟು ಗೆರೆಯ ಚಿತ್ರ ಬರೆದೆ. ತಟ್ಟೆಯನ್ನು ದೊಡ್ಡದು ಮಾಡಿದೆ, ಉಪ್ಪಿನಕಾಯಿ ತೆಗೆದೆ, ಮತ್ತೆ ಹಾಕಿದೆ. ಅಮ್ಮನ ಸ್ವಂತ ತಟ್ಟೆಯಲ್ಲೇ ಕಲಸಿಟ್ಟು ಹೊಸದಾಗಿ ಫೋಟೋ ತೆಗೆದೆ. ಸಂಡಾಸಿನ ಚಿತ್ರವನ್ನು ಮೂಲೆಯಿಂದ ಮೂಲೆಗೆ ಸರಿಸಿದೆ, ಕೈಗೆ ಹತ್ತಿರ ಇದೆ ಅಂತ ಮುಟ್ಟುತ್ತಿರಬಹುದು ಅನ್ನಿಸಿ. ಎಲ್ಲಿಟ್ಟರೂ ಅಮ್ಮನ ಎಡಗೈ ಅದನ್ನು ಹುಡುಕಿಕೊಂಡೇ ಹೋಗುತ್ತಿತ್ತು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ತರಬೇತಿಯ ಹುಡುಗಿ ಎಲ್ಲ ನೋಡಿ ನಿಟ್ಟುಸಿರು ಬಿಟ್ಟಳು. "ಒಂದೇ ಚಿತ್ರಕ್ಕ ಸಿಕ್ಕಿಬೀಳೋದು ಈ ಬ್ಯಾನಿಯೊಳಗ ಇರೋದೇರಿ ಅಕ್ಕಾರ. ಊಟದ ಗುರುತು ಹತ್ತವಲ್ದು ಅವ್ರಿಗೆ. ಸದ್ಯಕ್ಕ ನಿಲ್ಲಿಸೋಣ. ನಳಿಗಿ ಇರ್ಲಿ." ಹೇಳುವಾಗ ಅವಳ ದನಿಯೂ ಸಣ್ಣಗಾಗಿತ್ತು. ಅಮ್ಮನ ಎದುರಿಗೇ ಈ ಮಾತಾಯಿತು. ಅಮ್ಮ ಮುಖ ಗೋಡೆಗೆ ತಿರುಗಿಸಿದಳು.

ತಿಂಗಳುಗಳು ಹೋದವು. ಪುಸ್ತಕ ಮುಗಿಸಲೇಬೇಕಿತ್ತು, ಸಂಪಾದಕರು ಪಾಪ ಎಷ್ಟು ದಿನ ತಾಳಿಯಾರು? ದೇವರ ಚಿತ್ರ ಬದಲಿಸಬೇಕಾಗಿ ಬಂದು, ನಮ್ಮನೆಯ ದೇವರ ಗೂಡಿನದೇ ಒಂದು ಫೋಟೋ ತೆಗೆದು ದೊಡ್ಡದಾಗಿ ಮುದ್ರಿಸಿಕೊಂಡು ಬಂದೆ. ಕೈಯಲ್ಲಿದ್ದದ್ದನ್ನು ಅಮ್ಮನ ಮಂಚದ ಮೇಲೆ ಹಾಕಿ ಫ್ಯಾನಿನ ಸ್ವಿಚ್ಚಿನ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡಿದಾಗ ಅಮ್ಮ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಹಿಡಿದಿದ್ದಳು. ಆ ಜೀವವಿಲ್ಲದ ಕೈಯನ್ನು ಮೇಲಕ್ಕೆತ್ತಿದಳು. ಅವಳ ಕುತ್ತಿಗೆಯ ನರಗಳು ಉಬ್ಬಿದವು. ಎತ್ತಿ, ತಂದು, ದೇವರ ಫೋಟೋದ ಮೇಲೆ ಬಿಟ್ಟಳು. ಕೈ ಜಾರಿ ಹಾಸಿಗೆಗೆ ಬಿತ್ತು. ಅಮ್ಮ ಅದನ್ನು ಮತ್ತೆ ಎತ್ತಿ ಮತ್ತೆ ಇಟ್ಟಳು. ಈ ಸಲ ಕೈ ನಿಂತಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

ನಾನು ಮಂಚದ ಪಕ್ಕಕ್ಕೆ ಬಂದು ಆ ಎರಡು ಕೈಗಳನ್ನೇ ನೋಡಿದೆ.

ಎಡಗೈ. ಅಯ್ಯೋ ನನ್ನ ಕರ್ಮವೇ, ಎಡಗೈ! ದೇವರನ್ನು ಎಡಗೈಯಲ್ಲಿ ಮುಟ್ಟುವುದುಂಟೇ? ಅನ್ನವನ್ನು ಎಡಗೈಯಲ್ಲಿ ತೋರಿಸುವುದುಂಟೇ? ಎಡಗೈ ಸಲ್ಲುವುದು ಸಂಡಾಸಿಗೆ, ಚಪ್ಪಲಿಗೆ. ನಮ್ಮ ಮನೆಯಲ್ಲಿ ಮಗುವಿಗೆ ನಡಿಗೆಗಿಂತ ಮೊದಲು ಕಲಿಸುವ ಪಾಠ ಅದು. ಎಡಗೈ ಚಾಚಿ ಹೋಳಿಗೆ ಕೇಳಿದ್ದಕ್ಕೆ ನನಗೇ ಅಮ್ಮ ಸಟ್ಟುಗದ ತುದಿಯಿಂದ ಒಂದೇಟು ಕೊಟ್ಟಿದ್ದಳು. ಏನು ಬೇಕು ತೋರಿಸು, ತೋರಿಸು ಅಂತ ನಾವು ಬೆನ್ನು ಹತ್ತಿದಾಗ, ತನ್ನಲ್ಲಿದ್ದ ಒಂದೇ ಕೈಗೆ ಮುಟ್ಟಲು ಒಪ್ಪುವ ಚಿತ್ರವನ್ನು ಮುಟ್ಟಿ ಅಮ್ಮ ಉತ್ತರ ಕೊಡುತ್ತಿದ್ದಳು. ನಾನು ಇದ್ದೇನೆ, ನಿಮ್ಮ ಮಾತು ಕೇಳುತ್ತಿದೆ ಅಂತ ಹೇಳಲು ಅವಳಿಗೆ ಸಿಕ್ಕಿದ್ದು ಸಂಡಾಸು, ಚಪ್ಪಲಿ ಎರಡೇ ಚಿತ್ರ. ನಾವು ಬೆಡ್‌ಪ್ಯಾನ್ ತಂದು ಇಡುತ್ತಿದ್ದೆವು.

ನನ್ನ ಕಸುಬಿನಲ್ಲೂ ಇದು ಗೊತ್ತಿಲ್ಲದ ಸಂಗತಿಯೇ? ಹಿಂದೊಮ್ಮೆ ಪುಟದ ಅಂದಕ್ಕೆಂದು ಪ್ರಕಾಶನದವರು ಉಣ್ಣುವ ಹುಡುಗನ ಫೋಟೋವನ್ನು ಕನ್ನಡಿಯಂತೆ ತಿರುಗಿಸಿ ಹಾಕಿಬಿಟ್ಟಿದ್ದರು. ತುತ್ತು ಎಡಗೈಯಲ್ಲಿ ಬಂದಿತ್ತು. ಮೇಷ್ಟ್ರುಗಳು ಫೋನು ಮಾಡಿ ಮಾಡಿ ನಮ್ಮ ಜೀವ ತಿಂದರು. ಅಂದಿನಿಂದ ಉಣ್ಣುವ, ಕೊಡುವ, ಕೈಮುಗಿಯುವ ಚಿತ್ರಗಳಲ್ಲಿ ಕೈ ಯಾವುದು ಅಂತ ನಾನೇ ಪರೀಕ್ಷೆ ಮಾಡುತ್ತೇನೆ. ಚಿತ್ರದೊಳಗಿನ ಕೈಗಳನ್ನೆಲ್ಲ ನೋಡಿದೆ. ಚಿತ್ರದ ಮೇಲೆ ಬರುವ ಕೈ ಯಾವುದು ಅಂತ ನನಗೂ ಹೊಳೆಯಲಿಲ್ಲ, ತರಬೇತಿಯ ಹುಡುಗಿಗೂ ಹೊಳೆಯಲಿಲ್ಲ, ಅದೇ ಮನೆಯಲ್ಲಿ ಹುಟ್ಟಿದ ಅಣ್ಣನಿಗೂ ಹೊಳೆಯಲಿಲ್ಲ.

ಓಡಿಹೋಗಿ ಮೊದಲಿನ ಪುಟ ತಂದೆ. ಅಮ್ಮ ಬಲಗೈ ಎತ್ತಿ ಮೊಸರನ್ನದ ಮೇಲೆ ಹಾಕಿದಳು. ಪಕ್ಕದ ನೀರಿನ ಮೇಲೂ ಅರ್ಧ ಬಿತ್ತು. ಅದನ್ನು ಎಡಗೈಯಿಂದ ಸರಿಸಿ ಸರಿಯಾಗಿ ತಟ್ಟೆಯ ಮೇಲೆ ಕೂರಿಸಿದಳು. ನಾನು ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಹೋ ಅಂತ ಅತ್ತೆ. ಅಣ್ಣನಿಗೆ ಫೋನು ಮಾಡಿದರೆ ಕಾರ್ಖಾನೆಯ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸದೆ, ಅಮ್ಮ ಹೋಗಿಬಿಟ್ಟಳು ಅಂತ ಗಾಬರಿಯಾದ.

ಮಾರನೆಯ ದಿನವೇ ತರಬೇತಿಯ ಹುಡುಗಿ ಬಂದಳು. ಅಮ್ಮ ಅವಳೆದುರು ಮತ್ತೆ ಕೈ ಎತ್ತಿ ಇಟ್ಟು ತೋರಿಸಿದಳು. ಹುಡುಗಿ ಅಮ್ಮನ ಕಾಲು ಹಿಡಿದುಕೊಂಡಳು. ಆಸ್ಪತ್ರೆಗೆ ಹೋದೆವು. ಡಾಕ್ಟರ ಎದುರಿಗೇ, ಪುಡಿ ಕಲಸಿ ಗಂಜಿಯಂತೆ ಗಟ್ಟಿ ಮಾಡಿದ ನೀರನ್ನು ಅರ್ಧ ಚಮಚ ಕೊಟ್ಟರು. ಅಮ್ಮ ಬಾಯಿ ತೆರೆದಳು, ಎಷ್ಟು ಆಸೆಯಿಂದ ತೆರೆದಳು ಅಂದರೆ ನಾನು ಆ ಕಡೆ ನೋಡಲಾರದೆ ಹೋದೆ. ನುಂಗಿದಳು ಅಂದುಕೊಂಡೆವು. ಆಮೇಲೆ ಕೆಮ್ಮು ಹತ್ತಿತು, ತುಟಿ ನೀಲಿಯಾಯಿತು. ಜ್ವರ ಏರಿ, ಎದೆಯಲ್ಲಿ ಕಫ ತುಂಬಿ, ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೂ ಅಣ್ಣನನ್ನೂ ಕೂರಿಸಿಕೊಂಡು ಹೇಳಿದರು.

"ಇನ್ನ ಬಾಯಿಲೆ ಏನೂ ಬ್ಯಾಡ್ರಿ. ಗಂಜಿ ಬ್ಯಾಡ, ನೀರೂ ಬ್ಯಾಡ. ಗಂಟಲ ಪೂರಾ ಸೋತೈತಿ. ಮತ್ತೊಮ್ಮೆ ಹಿಂಗಾತಂದ್ರ ಉಳಿಯಂಗಿಲ್ಲ."

"ಮೊದ್ಲೇ ಕರ್ಕೊಂಡು ಬಂದಿದ್ರ?" ಅಂತ ಕೇಳಿದೆ. ಕೇಳಬಾರದಿತ್ತೇನೋ.

"ಹೇಳಾಕ ಆಗಂಗಿಲ್ರಿ ಮೇಡಂ" ಅಂದರು.

ಪುಸ್ತಕದ ಪುಟಗಳನ್ನು ನಾನು ಬದಲಿಸಿದೆ. ಆರರ ಬದಲು ಎರಡೇ ಚಿತ್ರ, ನಡುವೆ ದೊಡ್ಡ ಜಾಗ, ಬೆರಳು ಇಡಲಾರದವರು ಇಡೀ ಕೈಯನ್ನು ಬೀಳಿಸಿದರೂ ಪಕ್ಕದ ಚಿತ್ರಕ್ಕೆ ತಾಗದ ಹಾಗೆ. ಯಾವ ಕೈ ಆಗಲಿ, ಮೊಣಕೈ ಆಗಲಿ, ಕಣ್ಣಿನ ನೋಟವೇ ಆಗಲಿ, ಮಗು ಹೇಗೆ ತೋರಿಸಿದರೂ ಒಪ್ಪಿಕೊಳ್ಳಿ ಅಂತ ಮೊದಲ ಪುಟದಲ್ಲಿ ಸೂಚನೆ ಬರೆಸಿದೆ. ಸಂಪಾದಕರು ಕರಡು ನೋಡಿ, "ಭಾಳ ಕ್ಲಿಯರ್ ಆಗೇದ್ರಿ, ಮಸ್ತ್" ಅಂದರು. ಸಂಡೂರಿನಲ್ಲಿ ಅದನ್ನು ಪರೀಕ್ಷೆ ಮಾಡಿದ ಟೀಚರು ಫೋನಿನಲ್ಲಿ ಕುಣಿಯುತ್ತಿದ್ದರು: ಎಂದೂ ಏನೂ ಕೇಳದ ಒಂದು ಮಗು ಲೋಟದ ಚಿತ್ರದ ಮೇಲೆ ಅಂಗೈ ಹೊಡೆಯಿತಂತೆ, ನೀರು ಕೊಟ್ಟರೆ ಗಟಗಟ ಕುಡಿಯಿತಂತೆ. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ನಮ್ಮ ಮನೆಯಲ್ಲಿ ಅಮ್ಮ ಈಗ ಚಿತ್ರಗಳ ಮೇಲೆ ಕೈಯಿಟ್ಟು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ! ದೇವರ ಹತ್ತಿರ ಕೂರಿಸು ಅನ್ನುತ್ತಾಳೆ, ಕೂರಿಸುತ್ತೇನೆ. ನಿದ್ದೆ ಅನ್ನುತ್ತಾಳೆ, ದೀಪ ಆರಿಸುತ್ತೇನೆ. ನೋವು ಅಂದರೆ ಮಗ್ಗುಲು ಬದಲಿಸುತ್ತೇನೆ. ಊಟದ ಹೊತ್ತಿಗೆ, ಒಗ್ಗರಣೆಯ ವಾಸನೆ ಬಂದ ಕೂಡಲೇ, ಪುಟ ತಿರುವಿ ಬಲಗೈಯನ್ನು ಎತ್ತಿ ಮೊಸರನ್ನದ ಮೇಲೆ ಇಡುತ್ತಾಳೆ. ಇಲ್ಲಮ್ಮಾ, ಗಂಟಲು ಸರಿಯಿಲ್ಲ, ಡಾಕ್ಟರು ಬೇಡ ಅಂದಾರ ಅನ್ನುತ್ತೇನೆ. ನನಗೆ ತಿಳಿಯಲಿಲ್ಲ ಅಂದುಕೊಂಡು, ಪಾಪ, ಕೈಯನ್ನು ಇನ್ನೊಮ್ಮೆ ಎತ್ತಿ ಇನ್ನೂ ಸರಿಯಾಗಿ ಇಡುತ್ತಾಳೆ. ಒಗ್ಗರಣೆ ಹಾಕುವುದನ್ನೇ ಬಿಟ್ಟೆ. ಹೊತ್ತು ಅವಳಿಗೆ ಹೇಗೋ ಗೊತ್ತಾಗುತ್ತದೆ.

ಭಾನುವಾರ ಬಂದ ಅಣ್ಣ ಇದನ್ನು ನೋಡಿ ಹೊರಗೆ ಹೋಗಿ ನಿಂತ. ಹಿಂದೆಯೇ ಹೋದೆ.

"ಒಂದು ತುತ್ತು ಕೊಟ್ಟುಬಿಡೋಣೇನ" ಅಂದ. ಮರುಗಳಿಗೆ ಅವನೇ ತಲೆ ಅಲ್ಲಾಡಿಸಿ, "ಬ್ಯಾಡ, ಬ್ಯಾಡ. ನನ್ನ ಕೈಲೆ ಆಗಂಗಿಲ್ಲ. ನೀ ಆ ಪುಟ ತೆಗೆದುಬಿಡು. ಕಾಣಲಿಲ್ಲ ಅಂದ್ರ ಕೇಳಂಗಿಲ್ಲ" ಅಂದ.

"ಬಾಯಿ ಬಂದದ್ದೇ ಈಗ ಅಮ್ಮಗ. ಮತ್ತ ಮುಚ್ಚಿಸು ಅಂತೀಯೇನ?" ಅಂತ ಎಗರಿದೆ. ಅವನು ಹೋದ ಮೇಲೆ ಆ ಪುಟವನ್ನು ಪುಸ್ತಕದಿಂದ ಬಿಚ್ಚಿ ಬೀರುವಿನಲ್ಲಿಟ್ಟೆ.

ಮರುದಿನ ಊಟದ ಹೊತ್ತಿಗೆ ಅಮ್ಮ ಪುಸ್ತಕ ತಿರುವಿದಳು. ಕೊನೆಯ ತನಕ ಹೋಗಿ ಮತ್ತೆ ಮೊದಲಿನಿಂದ ತಿರುವಿದಳು. ಕಳೆದುಹೋಯಿತು ಅಂದುಕೊಂಡಳೋ ಏನೋ, ಹಾಸಿಗೆಯ ಮಡಿಕೆಯಲ್ಲಿ, ದಿಂಬಿನ ಕೆಳಗೆ ಎಡಗೈ ಹಾಕಿ ತಡಕಾಡಿದಳು. ಆಮೇಲೆ ನನ್ನ ಕಡೆ ನೋಡಿ ಬಾ, ಬಾ ಅಂದಳು. ಹುಡುಕಿಕೊಡು ಅನ್ನುತ್ತಿದ್ದಳು. ನನ್ನಿಂದ ಆಗಲಿಲ್ಲ. ಎದ್ದುಹೋಗಿ ಬೀರು ತೆಗೆದು ಪುಟ ತಂದು ಅವಳ ತೊಡೆಯ ಮೇಲಿಟ್ಟೆ.

ಅಮ್ಮನ ಮುಖ ಅರಳಿತು. ಬಲಗೈಯನ್ನು ಎತ್ತಿ ನಿಧಾನವಾಗಿ ತಂದು ತಟ್ಟೆಯ ಮೇಲಿಟ್ಟಳು. ಸರಿಯಾಗಿ ನಟ್ಟನಡುವೆ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ತಿಳಿಯಲಿಲ್ಲ ಅಂದುಕೊಳ್ಳುವುದಾದರೂ ಬೇಡ ಅಂತ ಅವಳ ಕೈಯ ಮೇಲೆ ನನ್ನ ಕೈಯಿಟ್ಟು, "ಹೂಂ ಅಮ್ಮಾ. ಮೊಸರನ್ನ. ತಿಳೀತು" ಅಂದೆ.

ಅಮ್ಮ ಹಗುರಾಗಿ ಉಸಿರು ಬಿಟ್ಟು ದಿಂಬಿಗೆ ಒರಗಿದಳು. ಎಡಗೈಯಿಂದ ಸೆರಗನ್ನು ಸರಿಮಾಡಿಕೊಂಡು, ಅಡುಗೆಮನೆಯ ಬಾಗಿಲಿನ ಕಡೆ ನೋಡುತ್ತಾ ಕಾಯತೊಡಗಿದಳು.